ಪಿಎಂ ಕಿಸಾನ್ ಹೆಸರಿನ ಗಾಳ: ಮೊಬೈಲಿಗೆ ಬೇಲಿ ಹಾಕುವ ಬಗೆ

ಈ ಪುಟಗಳಲ್ಲಿ ನಾವು ಬದು, ಬೀಜ, ಗೊಬ್ಬರ, ಪೇಟೆ ಧಾರಣೆ ಇಂಥವನ್ನೇ ಬರೆಯುತ್ತ ಬಂದವರು. ಮೊಬೈಲಿನ ಪಾಠ ಇಲ್ಲಿ ಯಾಕ್ರಿ ಎಂದು ಕೆಲವರು ಕೇಳಬಹುದು. ನಮ್ಮ ಬೆಳೆಯ ರೊಕ್ಕ ಈಗ ಕಿಸೆಗೆ ಬರುವುದು ಕಡಿಮೆ, ಖಾತೆಗೆ ಬರುವುದೇ ಹೆಚ್ಚು. ಗದಗ ಎಪಿಎಂಸಿಗೆ ಹಾಕಿದ ಹೆಸರು, ಕಡಲೆಯ ಪಟ್ಟಿ, ಬೆಳೆ ವಿಮೆ, ಪಿಎಂ ಕಿಸಾನ್ ಕಂತು, ಮನೆಯ ಹೆಣ್ಣುಮಕ್ಕಳ ಗೃಹಲಕ್ಷ್ಮಿ ಎಲ್ಲ ಅಲ್ಲಿಗೇ ಬೀಳುತ್ತವೆ. ಆ ಖಾತೆಯ ಕೀಲಿಕೈ ಮೊಬೈಲಿನಾಗ ಐತಿ. ಜೋಳ ಹಾಲುಗಾಳಿಗೆ ಬಂದಾಗ ಅಟ್ಟ ಕಟ್ಟಿ ಹಕ್ಕಿ ಕಾಯುವ ನಾವು, ರಾಶಿ ಮಾರಿ ಬಂದ ರೊಕ್ಕ ಕಾಯುವುದಕ್ಕೆ ಏನು ಮಾಡಿದ್ದೇವೆ?

ನಮ್ಮದು ಶಿರಹಟ್ಟಿ ಸೀಮೆಯ ಮಳೆ ನಂಬಿದ ಬೇಸಾಯ. ಲಕ್ಷ್ಮೇಶ್ವರ, ಮುಂಡರಗಿ, ಗದಗ-ಬೆಟಗೇರಿಗೆ ಸಂತೆ, ಪೇಟೆ, ಬೀಗತನ ಎಂದು ಓಡಾಡುತ್ತಿರುತ್ತೇನೆ. ಎಲ್ಲಿ ಕೂತರೂ ಕೇಳಿಬರುವ ಮಾತು ಒಂದೇ. ‘ಇಂಥವರ ಖಾತೆಯಿಂದ ರೊಕ್ಕ ಹೋತಂತ.’ ಹೇಗೆ ಹೋಯಿತು ಎಂದರೆ ಸರಿಯಾಗಿ ಹೇಳುವವರು ಕಡಿಮೆ. ಹೇಗೆ ಹೋಗುತ್ತದೆ ಎಂದು ಗೊತ್ತಾದರೆ ಮಾತ್ರ ಬೇಲಿ ಎಲ್ಲಿ ಹಾಕಬೇಕೆಂದು ತಿಳಿದೀತು. ಗದಗದಲ್ಲಿ ಕಂಪ್ಯೂಟರ್ ಓದುವ ತಮ್ಮನ ಮಗನನ್ನು ಕೂಡಿಸಿಕೊಂಡು, ಓದಿ, ನಮ್ಮ ಓಣಿಯ ಒಂದಿಷ್ಟು ಫೋನುಗಳನ್ನು ತೆರೆದು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಳ ಬರುವ ದಾರಿ

ಈ ಮೋಸಕ್ಕೆ ಇಂಗ್ಲಿಷಿನಲ್ಲಿ ಫಿಶಿಂಗ್ ಅನ್ನುತ್ತಾರೆ. ಮೀನು ಹಿಡಿಯುವುದು ಎಂಬ ಮಾತನ್ನೇ ಕಾಗುಣಿತ ಬದಲಿಸಿ ಬರೆದದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಶಬ್ದ. ಹೊಳಿಸಾಲಿನ ಮುಂಡರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳ ಹಾಕುವವನು ಮೀನಿನ ಬೆನ್ನು ಹತ್ತುವುದಿಲ್ಲ. ಮೀನಿಗೆ ಬೇಕಾದ ಎರೆ ಸಿಗಿಸಿ ಸುಮ್ಮನೆ ಕೂಡುತ್ತಾನೆ.

ನಮಗೆ ಬೇಕಾದ ಎರೆ ಯಾವುದು? ಪಿಎಂ ಕಿಸಾನ್. 2019ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಕಂತು ಬರಬೇಕಾದರೆ ಇ-ಕೆವೈಸಿ ಆಗಿರಬೇಕು. ಅದು ಆಗಿದೆಯೋ ಇಲ್ಲವೋ ಎಂಬ ಅನುಮಾನ ಅರ್ಧ ಊರಿಗೆ ಇದ್ದೇ ಇರುತ್ತದೆ. ಕಳ್ಳನಿಗೆ ಬೇಕಾದದ್ದು ಆ ಅನುಮಾನವೇ. ಕಂತು ಬೀಳುವ ಹೊತ್ತು ಹತ್ತಿರ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಫೈಲು ಬರುತ್ತದೆ. ಅದರ ಹೆಸರು ‘ಪಿಎಂ ಕಿಸಾನ್ ಯೋಜನೆ’ ಎಂದೋ ‘ಪಿಎಂ ಕಿಸಾನ್ ಕೆವೈಸಿ’ ಎಂದೋ ಇರುತ್ತದೆ. ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ. ಈ ಮೂರು ಅಕ್ಷರ ಓದಲು ಬಂದರೆ ಈ ಪಾಠದಲ್ಲಿ ಅರ್ಧ ಪಾಸಾದಂತೆ. ಎಪಿಕೆ ಅಂದರೆ ಫೋಟೋ ಅಲ್ಲ, ಕಾಗದ ಅಲ್ಲ, ಫೋನಿನೊಳಗೆ ಹೋಗಿ ಕೂತು ಕೆಲಸ ಮಾಡುವ ಒಂದು ಆಪ್. ಲಗ್ನಪತ್ರಿಕೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರುಗಳಲ್ಲೂ ಇದೇ ಸರಕು ಓಡಾಡುತ್ತಿದೆ. ಲಗ್ನಪತ್ರಿಕೆ ಎಪಿಕೆ ಆಗಿ ಬರುವುದಿಲ್ಲ, ಚಲನ್ನೂ ಬರುವುದಿಲ್ಲ.

ಗುರುತಿಲ್ಲದ ನಂಬರಿನಿಂದ ಬಂದರೆ ನಮ್ಮವರು ಹುಷಾರಾಗಿಯೇ ಇರುತ್ತಾರೆ. ತೊಡಕು ಇರುವುದು ಬೇರೆ ಕಡೆ. ನಮ್ಮ ಓಣಿಯ ಹಿರಿಯರೊಬ್ಬರು ಫೋನು ತೋರಿಸಿ ಕೇಳಿದರು: “ತಮ್ಮಾ, ಇದನ್ನ ನಮ್ಮ ಮಾಸ್ತರ ಕಳಿಸ್ಯಾರ. ಅವರೇನ ಸುಳ್ಳ ಕಳಸ್ತಾರೇನ?”

“ಕಾಕಾ, ಮಾಸ್ತರು ಕಳಿಸಿಲ್ರಿ. ಅವರ ಫೋನು ಕಳಿಸೇತಿ.”

ಇದು ನಿಜವಾದ ಸಂಗತಿ. ಈ ಕೆಟ್ಟ ಆಪ್‌ಗಳಲ್ಲಿ ಕೆಲವು ಒಬ್ಬರ ಫೋನಿಗೆ ಹೊಕ್ಕ ಮೇಲೆ ಅವರ ವಾಟ್ಸಾಪನ್ನೇ ಹಿಡಿದು, ಅವರಿರುವ ಗುಂಪುಗಳಿಗೆಲ್ಲ ಅದೇ ಫೈಲನ್ನು ಹಂಚುತ್ತವೆ. ಹತ್ತಿಯಲ್ಲಿ ಹಿಟ್ಟಿನ ತಿಗಣೆ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಹೋಗುವ ಹಾಗೆ. ಆದ್ದರಿಂದ ಯಾರು ಕಳಿಸಿದರು ಎಂದು ನೋಡಿ ನಂಬುವ ನಮ್ಮ ಹಳೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಏನು ಕಳಿಸಿದ್ದಾರೆ ಎಂದೇ ನೋಡಬೇಕು. ಮಾಸ್ತರಿಗೆ ಫೋನು ಹಚ್ಚಿ ‘ಇದನ್ನ ನೀವ ಕಳಿಸೀರೇನ್ರಿ?’ ಎಂದು ಬಾಯಿಯಿಂದಲೇ ಕೇಳಿದರೆ ಅವರಿಗೂ ಉಪಕಾರ. ತಮ್ಮ ಫೋನು ಕೆಟ್ಟಿದ್ದು ಅವರಿಗೂ ಗೊತ್ತಿರುವುದಿಲ್ಲ.

ಆ ಫೈಲಿನೊಳಗೆ ಏನಿದೆ

ಆಪ್ ಹಾಕಿಕೊಂಡರೆ ಮೊದಲು ಒಂದು ಹಸಿರು ಪರದೆ ಬರುತ್ತದೆ, ಸರ್ಕಾರಿ ಮುದ್ರೆ ಇರುತ್ತದೆ. ಹೆಸರು, ಆಧಾರ್ ನಂಬರು, ಬ್ಯಾಂಕು, ಎಟಿಎಂ ಕಾರ್ಡು ಕೇಳಬಹುದು. ಅದು ಬರೀ ತೋರಿಕೆ. ಅಸಲು ಕೆಲಸ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಹಾಕಿಕೊಂಡ ಕೂಡಲೆ ‘ಎಸ್ಸೆಮ್ಮೆಸ್ ಓದಲು ಅನುಮತಿ ಕೊಡಿ’ ಎಂದು ಕೇಳಿತ್ತಲ್ಲ, ನಾವು ‘ಅಲೋ’ ಒತ್ತಿದೆವಲ್ಲ, ಅಲ್ಲೇ.

ಬ್ಯಾಂಕಿನಿಂದ ಓಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಅದನ್ನು ಓದುವ ಅಧಿಕಾರ ಈ ಆಪ್‌ಗೆ ಸಿಕ್ಕರೆ ಓಟಿಪಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನ ಫೋನಿಗೆ ಹೋಗಿರುತ್ತದೆ. ‘ನಾನು ಯಾರಿಗೂ ಓಟಿಪಿ ಹೇಳೇ ಇಲ್ರಿ, ಆದ್ರೂ ರೊಕ್ಕ ಹೋತು’ ಎಂದು ಅಳುವವರ ಮಾತು ಸುಳ್ಳಲ್ಲ. ಅವರು ಹೇಳಿಲ್ಲ, ಫೋನು ಹೇಳಿದೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನ ಗೋಡೆಗೆ ಬರೆದು ಹಚ್ಚಿದ ಮಾತು ಸರಿಯೇ, ಆದರೆ ಇವತ್ತಿಗೆ ಅದೊಂದೇ ಸಾಲದು.

ಎಸ್ಸೆಮ್ಮೆಸ್ಸಿನ ಜೊತೆ ಇನ್ನೆರಡು ಅಧಿಕಾರ ಕೇಳುತ್ತವೆ. ಒಂದು, ಫೋನಿನ ಮೇಲ್ಗಡೆ ಇಳಿದು ಬರುವ ನೋಟಿಫಿಕೇಶನ್ ಓದುವುದು. ಇನ್ನೊಂದಕ್ಕೆ ಆಕ್ಸೆಸಿಬಿಲಿಟಿ ಎಂದು ಹೆಸರು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳಲು, ಕೈಲಾಗದವರ ಪರವಾಗಿ ಬಟನ್ ಒತ್ತಲು ಮಾಡಿದ ಒಳ್ಳೆಯ ಅನುಕೂಲ ಅದು. ಕಳ್ಳನ ಆಪ್‌ಗೆ ಅದು ಸಿಕ್ಕರೆ ನಮ್ಮ ಪರದೆ ಅವನೇ ಓದುತ್ತಾನೆ, ನಮ್ಮ ಬದಲು ಅವನೇ ಒತ್ತುತ್ತಾನೆ. ಉಳ್ಳಾಗಡ್ಡಿ ಕೊಳ್ಳಲು ಬಂದವನು ಮನೆಯ ತಿಜೋರಿ ಕೀಲಿಕೈ ಕೇಳಿದರೆ ಕೊಡುತ್ತೇವೆಯೇ? ಕಂತು ತೋರಿಸುವ ಆಪ್‌ಗೆ ಎಸ್ಸೆಮ್ಮೆಸ್ ಯಾಕೆ ಬೇಕು ಎಂದು ಅಷ್ಟು ಕೇಳಿಕೊಂಡರೂ ಕೈ ತಡೆಯುತ್ತದೆ.

ಫೋನಿನೊಳಗೇ ಇರುವ ಕಾವಲುಗಾರ

ಇನ್ನು ಬೇಲಿಯ ಮಾತು. ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ‘ಪ್ಲೇ ಪ್ರೊಟೆಕ್ಟ್’ ಎಂಬ ಕಾವಲುಗಾರ ಕಂಪನಿಯಿಂದಲೇ ಬಂದಿರುತ್ತಾನೆ. ಗೂಗಲ್ ಮಾಡಿದ್ದು. ಪ್ಲೇ ಸ್ಟೋರಿನಿಂದ ಬಂದದ್ದಿರಲಿ, ಹೊರಗಿನಿಂದ ಬಂದದ್ದಿರಲಿ, ಆಪ್‌ಗಳನ್ನು ತಪಾಸಣೆ ಮಾಡುವುದು ಅವನ ಕೆಲಸ.

ಮೊದಲು ಇವನು ಗೊತ್ತಿರುವ ಕಳ್ಳರನ್ನು ಮಾತ್ರ ಹಿಡಿಯುತ್ತಿದ್ದ ಅನ್ನಬಹುದು. ಹೊಸ ಕಳ್ಳ ಬಂದರೆ ‘ಇದು ಅಪಾಯ ಇರಬಹುದು’ ಎಂದು ಹೇಳಿ ಸುಮ್ಮನಾಗುತ್ತಿದ್ದ. ನಾವು ‘ಇನ್‌ಸ್ಟಾಲ್ ಎನಿವೇ’, ಅಂದರೆ ಆದರೂ ಹಾಕು, ಎಂದು ಒತ್ತಿದರೆ ದಾರಿ ಬಿಡುತ್ತಿದ್ದ. 2024ರ ಫೆಬ್ರವರಿಯಲ್ಲಿ ಗೂಗಲ್ ಸಿಂಗಪುರದಲ್ಲಿ ಒಂದು ಹೊಸ ಕ್ರಮವನ್ನು ಪ್ರಯೋಗಕ್ಕೆ ಹಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತಕ್ಕೂ ತರುವುದಾಗಿ ಹೇಳಿತು. ಈ ಕ್ರಮ ನನಗೆ ಬಹಳ ಹಿಡಿಸಿತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದರಲ್ಲಿ ಆಪ್ ಕಳ್ಳನದೋ ಸಾಚಾನೋ ಎಂಬ ವಿಚಾರಣೆಯೇ ಇಲ್ಲ. ಎರಡೇ ಪ್ರಶ್ನೆ. ಒಂದು: ನೀನು ಎಲ್ಲಿಂದ ಬಂದೆ? ಪ್ಲೇ ಸ್ಟೋರಿನಿಂದಲ್ಲದೆ ವಾಟ್ಸಾಪ್‌ನಂಥ ಮೆಸೇಜಿನಿಂದ, ಬ್ರೌಸರಿನಿಂದ, ಫೈಲ್ ಮ್ಯಾನೇಜರಿನಿಂದ ಬಂದೆಯೋ? ಎರಡು: ನೀನು ಕೇಳುವ ಅಧಿಕಾರ ಯಾವುವು? ಬರುವ ಎಸ್ಸೆಮ್ಮೆಸ್ ಹಿಡಿಯುವುದು, ಇದ್ದ ಎಸ್ಸೆಮ್ಮೆಸ್ ಓದುವುದು, ನೋಟಿಫಿಕೇಶನ್ ಓದುವುದು, ಆಕ್ಸೆಸಿಬಿಲಿಟಿ ಈ ನಾಲ್ಕರಲ್ಲಿ ಯಾವುದನ್ನಾದರೂ ಕೇಳುತ್ತೀಯೋ? ಎರಡಕ್ಕೂ ಹೌದು ಎಂದಾದರೆ ಬಾಗಿಲಲ್ಲೇ ತಡೆ. ಆಪ್ ಹೊಸದಿರಲಿ, ಹೆಸರು ಏನೇ ಇರಲಿ. ಇಂಥ ಅಧಿಕಾರ ದುರುಪಯೋಗ ಮಾಡುವ ದೊಡ್ಡ ಕಳ್ಳ ಆಪ್‌ಗಳಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಈ ಹೊರಗಿನ ದಾರಿಯಿಂದಲೇ ಫೋನಿಗೆ ಹೊಕ್ಕಿರುವುದು ಕಂಡುಬಂದಿದ್ದರಿಂದ ಗೂಗಲ್ ಈ ಕ್ರಮಕ್ಕೆ ಇಳಿಯಿತು. ಎಪಿಎಂಸಿ ಗೇಟಿನಲ್ಲಿ ನಿಂತವನು ಗಾಡಿ ಯಾರದು ಎಂದು ನೋಡದೆ ಚೀಲದಲ್ಲಿ ಏನಿದೆ ಎಂದು ನೋಡುವ ಹಾಗೆ.

ಈ ಕಾವಲುಗಾರ ಎಚ್ಚರ ಇದ್ದಾನೋ ಮಲಗಿದ್ದಾನೋ ನೋಡಿಕೊಳ್ಳುವುದು ನಮ್ಮ ಕೆಲಸ. ಪ್ಲೇ ಸ್ಟೋರ್ ತೆರೆಯಿರಿ. ಬಲಗಡೆ ಮೇಲಿನ ಮೂಲೆಯಲ್ಲಿ ನಿಮ್ಮ ಹೆಸರಿನ ಮೊದಲಕ್ಷರವೋ ಫೋಟೋವೋ ಇರುವ ದುಂಡು ಗುರುತು ಒತ್ತಿರಿ. ಪಟ್ಟಿಯಲ್ಲಿ ‘ಪ್ಲೇ ಪ್ರೊಟೆಕ್ಟ್’ ಎಂದಿರುತ್ತದೆ. ಅದನ್ನು ಒತ್ತಿ, ಮೇಲೆ ಕಾಣುವ ಹಲ್ಲುಚಕ್ರದ ಗುರುತು ಒತ್ತಿದರೆ ಎರಡು ಸ್ವಿಚ್ಚು ಕಾಣುತ್ತವೆ. ಎರಡೂ ಆನ್ ಇರಬೇಕು. ಸ್ಕ್ಯಾನ್ ಎಂಬ ಬಟನ್ನೂ ಅಲ್ಲೇ ಇದೆ, ಈಗಾಗಲೇ ಹೊಕ್ಕ ಆಪ್‌ಗಳನ್ನು ತಪಾಸಣೆ ಮಾಡಿಸಬಹುದು. ಕನ್ನಡದಲ್ಲಿ ಫೋನು ಇಟ್ಟುಕೊಂಡವರಿಗೆ ಹೆಸರು ಸ್ವಲ್ಪ ಬೇರೆ ಕಾಣಬಹುದು, ಜಾಗ ಅದೇ.

ಎರಡನೆಯ ಬೇಲಿ ಇನ್ನೂ ಗಟ್ಟಿ, ಹಾಕುವುದು ಸುಲಭ. ಫೋನಿನ ಸೆಟ್ಟಿಂಗ್ಸಿನಲ್ಲಿ ಹುಡುಕುವ ಜಾಗಕ್ಕೆ ಹೋಗಿ ಇಂಗ್ಲಿಷಿನಲ್ಲಿ ‘ಅನ್‌ನೋನ್ ಆಪ್ಸ್’ ಎಂದು ಬರೆಯಿರಿ. ಯಾವ ಯಾವ ಆಪ್‌ಗೆ ಹೊರಗಿನ ಆಪ್ ಹಾಕುವ ಪರವಾನಿಗೆ ಇದೆ ಎಂಬ ಪಟ್ಟಿ ಬರುತ್ತದೆ. ವಾಟ್ಸಾಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಎಲ್ಲದಕ್ಕೂ ಆಫ್ ಮಾಡಿರಿ. ಅಪ್ಪಿತಪ್ಪಿ ಮಕ್ಕಳು ಫೈಲು ಒತ್ತಿದರೂ ಫೋನು ‘ಪರವಾನಿಗೆ ಇಲ್ಲ’ ಎನ್ನುತ್ತದೆ. ನಮ್ಮ ಓಣಿಯಲ್ಲಿ ನೋಡಿದಾಗ ವಾಟ್ಸಾಪ್‌ಗೆ ಈ ಪರವಾನಿಗೆ ಆನ್ ಇದ್ದ ಫೋನುಗಳು ಸಿಕ್ಕವು. ಆನ್ ಮಾಡಿದವರು ಯಾರು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಪಿಎಂ ಕಿಸಾನ್‌ಗೆ ಸರ್ಕಾರದ್ದೇ ಆಪ್ ಇದೆ, ಇಲ್ಲವೆಂದಲ್ಲ. ಪ್ಲೇ ಸ್ಟೋರಿನಲ್ಲಿ ಸಿಗುತ್ತದೆ. 2023ರ ಜೂನ್‌ನಲ್ಲಿ ಅದರಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ಅನುಕೂಲವನ್ನೂ ಕೊಟ್ಟರು. ಬೇಕಾದವರು ಅಲ್ಲಿಂದ ಹಾಕಿಕೊಳ್ಳಬಹುದು. ಬೇಡವಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿರಿ. ವಾಟ್ಸಾಪ್‌ನಲ್ಲಿ ಬಂದ ಪಿಎಂ ಕಿಸಾನ್ ಆಪ್ ಮಾತ್ರ ಒಂದೂ ಸಾಚಾ ಅಲ್ಲ.

ಕಾವಲುಗಾರನನ್ನು ಹೊರಗೆ ಹಾಕು ಅನ್ನುವವನು

ಬೇಲಿ ಗಟ್ಟಿಯಾದಂತೆ ಕಳ್ಳ ಬೇಲಿ ಹಾರುವುದನ್ನು ಬಿಟ್ಟ. ಮನೆಯವರಿಂದಲೇ ಗೇಟು ತೆಗೆಸುವುದು ಅವನಿಗೆ ಸುಲಭ ಎನಿಸಿತು. ಫೋನು ಮಾಡುತ್ತಾನೆ. ಬ್ಯಾಂಕಿನವನೆಂದೋ ಕೃಷಿ ಇಲಾಖೆಯವನೆಂದೋ ಹೇಳುತ್ತಾನೆ. ‘ಆಪ್ ಹಾಕೋವಾಗ ಕೆಂಪು ಗುರುತು ಬಂತಾ? ಅದು ಹಂಗ ಬರತೈತ್ರಿ, ಸರ್ಕಾರದ್ದು ಹೊಸ ಆಪ್. ಪ್ಲೇ ಪ್ರೊಟೆಕ್ಟ್ ಆಫ್ ಮಾಡ್ರಿ, ನಾ ಲೈನಿನಾಗ ಇರತೀನಿ’ ಎನ್ನುತ್ತಾನೆ. ಮಾತು ಮೆತ್ತಗೆ, ‘ರೀ’ ಹಚ್ಚಿಯೇ ಮಾತಾಡುತ್ತಾನೆ. ಒಂದೊಂದೇ ಬಟನ್ ಹೇಳಿಕೊಡುತ್ತಾನೆ.

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ಇಡಿರಿ. ಕಾವಲು ತೆಗೆ ಎಂದು ಹೇಳುವ ಕೆಲಸ ಯಾವ ಬ್ಯಾಂಕಿಗೂ ಇಲ್ಲ, ಯಾವ ಇಲಾಖೆಗೂ ಇಲ್ಲ. ಆ ಮಾತು ಬಂದ ಕ್ಷಣ ಎದುರಿಗಿರುವವನು ಯಾರೆಂದು ತೀರ್ಮಾನವಾಯಿತು. ಬೇರೆ ಪರೀಕ್ಷೆ ಬೇಕಿಲ್ಲ, ಫೋನು ಇಡಿರಿ. ಅವನು ನಿಮ್ಮ ಹೆಸರು, ಊರು, ಸರ್ವೆ ನಂಬರು ಹೇಳಿದರೂ ಅಷ್ಟೇ. ನಮ್ಮ ಪಹಣಿ ಆನ್‌ಲೈನಿನಲ್ಲಿ ಯಾರು ಬೇಕಾದರೂ ನೋಡಬಹುದು, ಅದನ್ನು ಓದಿ ಹೇಳುವುದು ದೊಡ್ಡ ವಿದ್ಯೆಯಲ್ಲ.

ಇದು ಗೂಗಲ್‌ನವರಿಗೂ ತಿಳಿಯಿತು. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುತ್ತಿರುವಾಗ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು, ಆಕ್ಸೆಸಿಬಿಲಿಟಿ ಅಧಿಕಾರ ಕೊಡಲು ಬಾರದಂತೆ ತಡೆಯುವ ಏರ್ಪಾಡನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಇದರಲ್ಲಿ ಆಕ್ಸೆಸಿಬಿಲಿಟಿಯ ತಡೆ ಹೊಸ ಆಂಡ್ರಾಯ್ಡ್ ಇರುವ ಫೋನುಗಳಿಗೆ ಬರುತ್ತದೆ. ನಮ್ಮಲ್ಲಿ ಮಗ ಹೊಸದು ಕೊಂಡಾಗ ಹಳೆಯದು ಅಪ್ಪನ ಕೈಗೆ ಬರುವುದು ರೂಢಿ, ಹಾಗಾಗಿ ನಮ್ಮ ಎಷ್ಟೋ ಫೋನುಗಳಿಗೆ ಆ ಕಾವಲು ಇಲ್ಲ. ರೊಕ್ಕ ಬೀಳುವ ಖಾತೆ ಮಾತ್ರ ಅಪ್ಪನದೇ! ಮನೆಯಲ್ಲಿ ಇದ್ದುದರಲ್ಲಿ ಹೊಸ ಫೋನಿಗೆ ಬ್ಯಾಂಕಿನ ಸಿಮ್ ಹಾಕಿ, ಹಳೆಯದರಲ್ಲಿ ಹಾಡು, ಸಿನಿಮಾ ಇಟ್ಟುಕೊಂಡರೆ ಜಾಣತನ. ಬ್ಯಾಂಕಿನ ಓಟಿಪಿ ಬರುವ ಸಿಮ್ಮನ್ನು ಬಟನ್ ಫೋನಿನಲ್ಲೇ ಇಟ್ಟವರೂ ಇದ್ದಾರೆ. ಅದರೊಳಗೆ ಎಪಿಕೆ ಹೊಗುವುದಿಲ್ಲ. ನಗುವ ಕಾರಣವಿಲ್ಲ, ಅದೂ ಒಂದು ಬೇಲಿಯೇ.

ಇಲ್ಲಿ ಇನ್ನೊಂದು ಎಚ್ಚರ. ಎನಿಡೆಸ್ಕ್, ಟೀಂವ್ಯೂವರ್ ಎಂಬ ಆಪ್‌ಗಳು ಪ್ಲೇ ಸ್ಟೋರಿನಲ್ಲೇ ಇವೆ. ಒಬ್ಬರ ಕಂಪ್ಯೂಟರನ್ನು ಇನ್ನೊಬ್ಬರು ದೂರದಿಂದ ರಿಪೇರಿ ಮಾಡಲು ಮಾಡಿದ ಸಾಚಾ ಆಪ್‌ಗಳು. ಹೀಗಾಗಿ ಪ್ಲೇ ಪ್ರೊಟೆಕ್ಟ್ ಇವನ್ನು ತಡೆಯುವುದಿಲ್ಲ. ಕಳ್ಳ ಇದನ್ನೇ ಹಾಕಿಸಿ ನಮ್ಮ ಪರದೆ ತಾನು ನೋಡುತ್ತಾನೆ. ರಿಸರ್ವ್ ಬ್ಯಾಂಕು 2019ರಲ್ಲೇ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕೊಡಲಿ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೊಡಲಿಯನ್ನು ಕಳ್ಳನ ಕೈಗೆ ಕೊಡುವುದಿಲ್ಲವಲ್ಲ.

ಲಿಂಕು, ನಂಬರು, ಹೆಸರು

ಎಪಿಕೆ ಬಿಟ್ಟರೆ ಇನ್ನೊಂದು ಗಾಳ ಲಿಂಕು. ಒತ್ತಿದರೆ ಬ್ಯಾಂಕಿನ ಹಾಗೇ ಕಾಣುವ ಪುಟ ತೆರೆಯುತ್ತದೆ. ಇದಕ್ಕೆ ಕ್ರೋಮ್ ಬ್ರೌಸರಿನಲ್ಲಿ ‘ಸೇಫ್ ಬ್ರೌಸಿಂಗ್’ ಎಂಬ ಕಾವಲು ಇದೆ. ಮೊದಲು ಕೆಟ್ಟ ಪುಟಗಳ ಪಟ್ಟಿಯೊಂದು ಫೋನಿಗೆ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬಂದು ಸೇರುತ್ತಿತ್ತು. ಆದರೆ ಕೆಟ್ಟ ಪುಟದ ಸರಾಸರಿ ಆಯುಷ್ಯ 10 ನಿಮಿಷಕ್ಕಿಂತ ಕಡಿಮೆ ಎಂದು ಗೂಗಲ್ಲೇ ಹೇಳಿತು. ಹುಳ ಬಂದು ಎಲೆ ತಿಂದು ಹೋದ ಮೇಲೆ ಔಷಧ ಹೊಡೆದ ಹಾಗಾಯಿತು. 2024ರ ಮಾರ್ಚಿನಿಂದ ಪುಟ ತೆರೆಯುವ ಹೊತ್ತಿಗೇ ಕೇಳಿ ನೋಡುವ ಪದ್ಧತಿ ತಂದರು. ಕ್ರೋಮ್‌ನಲ್ಲಿ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್, ಪ್ರೈವೆಸಿ ಆಂಡ್ ಸೆಕ್ಯೂರಿಟಿ, ಸೇಫ್ ಬ್ರೌಸಿಂಗ್ ಎಂದು ಹೋಗಿ ‘ಎನ್‌ಹಾನ್ಸ್ಡ್’ ಎಂಬುದನ್ನು ಆರಿಸಿದರೆ ಕಾವಲು ಇನ್ನೊಂದು ಪಟ್ಟು ಬಿಗಿ. ಪುಟವೆಲ್ಲ ಕೆಂಪಾಗಿ ಎಚ್ಚರಿಕೆ ಬಂದರೆ ಹಿಂದಕ್ಕೆ ಬನ್ನಿರಿ, ಮುಂದೆ ಹೋಗುವ ದಾರಿ ಹುಡುಕಬೇಡಿರಿ.

ಬ್ಯಾಂಕಿನ ಅಸಲಿ ವಿಳಾಸ ಗುರುತಿಸುವುದು ಈಗ ಮೊದಲಿಗಿಂತ ಸುಲಭ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ವೆಬ್ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಿಸಬೇಕಿತ್ತು. ಆ ಬಾಲ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ದನದ ಕಿವಿಯ ಬಿಲ್ಲೆಯ ಹಾಗೆ ತಿಳಿಯಿರಿ. ಸರ್ಕಾರದ ವಿಳಾಸಕ್ಕೆ ‘ಡಾಟ್ ಗವ್ ಡಾಟ್ ಇನ್’ ಬಾಲ. ಪಿಎಂ ಕಿಸಾನ್‌ದೂ ಹಾಗೇ.

ನಮ್ಮ ಭಾಗಕ್ಕೆ ಹೊಂದುವ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಧಾರವಾಡ ಕೇಂದ್ರವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಬ್ಯಾಂಕಿನೊಡನೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ನಮ್ಮಲ್ಲಿ ಎಷ್ಟೋ ಜನರ ಖಾತೆ ಅಲ್ಲೇ. ಬ್ಯಾಂಕಿನ ಹೆಸರು ಬದಲಾದಾಗ ‘ಖಾತೆ ಬಂದ್ ಆಗತೈತಿ, ಈ ಲಿಂಕ್ ಒತ್ತಿ ಹೊಸ ಬ್ಯಾಂಕಿಗೆ ಸೇರಿಸ್ರಿ’ ಅನ್ನಲು ಕಳ್ಳನಿಗೆ ನೆಪ ಸಿಗುತ್ತದೆ. ಬ್ಯಾಂಕು ಕೂಡಿದ್ದು ನಿಜ, ಲಿಂಕು ಮಾತ್ರ ಸುಳ್ಳು. ಇಂಥ ಅರ್ಧ ನಿಜವೇ ಹೆಚ್ಚು ಅಪಾಯ. ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಕೇಳಿದರೆ ಒಂದು ಹೊತ್ತಿನ ಕೆಲಸ ಕೆಟ್ಟೀತು, ಅಷ್ಟೇ.

ಎಸ್ಸೆಮ್ಮೆಸ್ಸಿನಲ್ಲೂ ಗುರುತುಂಟು. ಬ್ಯಾಂಕು, ಸರ್ಕಾರದ ಮೆಸೇಜು ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಇಂಗ್ಲಿಷ್ ಅಕ್ಷರದ ಹೆಸರಿನಿಂದ ಬರುತ್ತದೆ. 2025ರಲ್ಲಿ ಟ್ರಾಯ್ ತಂದ ನಿಯಮದಂತೆ ಆ ಹೆಸರಿನ ತುದಿಗೆ ಅಡ್ಡಗೆರೆ ಹಾಕಿ ಒಂದಕ್ಷರ ಇರುತ್ತದೆ: ಸರ್ಕಾರದ್ದಾದರೆ ‘ಜಿ’, ವ್ಯವಹಾರದ್ದಾದರೆ ‘ಟಿ’, ಸೇವೆಯದಾದರೆ ‘ಎಸ್’, ಜಾಹೀರಾತಾದರೆ ‘ಪಿ’. ಮೊದಲೇ ನೋಂದಾಯಿಸದ ಲಿಂಕು, ಎಪಿಕೆ ಇರುವ ಎಸ್ಸೆಮ್ಮೆಸ್ಸುಗಳನ್ನು 2024ರ ಅಕ್ಟೋಬರಿನಿಂದ ಮೊಬೈಲ್ ಕಂಪನಿಗಳೇ ತಡೆಯಬೇಕೆಂದು ನಿಯಮವಾಗಿದೆ. ಆ ದಾರಿ ಕಿರಿದಾದ್ದಕ್ಕೇ ಇರಬೇಕು, ಕಳ್ಳರ ಸಂತೆಯೆಲ್ಲ ವಾಟ್ಸಾಪ್‌ಗೆ ಬಂದು ಕೂತಿದೆ.

ಟ್ರೂಕಾಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಸಾವಿರಾರು ಜನ ಹೇಳಿದ್ದನ್ನು ಕೂಡಿಸಿ ತೋರಿಸುವ ಆಪ್. ಹಳೆಯ ಕಳ್ಳ ನಂಬರಾದರೆ ಕೆಂಪಗೆ ತೋರಿಸುತ್ತದೆ, ಉಪಯೋಗ ಉಂಟು. ಆದರೆ ಹೊಸ ಸಿಮ್ ಕೊಂಡವನಿಗೆ ಇನ್ನೂ ಕೆಟ್ಟ ಹೆಸರು ಬಂದಿರುವುದಿಲ್ಲ. ಅಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಳ್ಳಬಹುದು. ‘ಬ್ಯಾಂಕ್ ಮ್ಯಾನೇಜರ್’ ಎಂದು ಕಂಡರೆ ಮ್ಯಾನೇಜರೇ ಎಂದಲ್ಲ. ನಾನಂತೂ ಅದರ ಕೆಂಪನ್ನು ನಂಬುತ್ತೇನೆ, ಅದು ತೋರಿಸುವ ಹೆಸರನ್ನು ನಂಬುವುದಿಲ್ಲ.

ಹೆಬ್ಬೆರಳಿಗೂ ಕೀಲಿ

ಲಿಂಕು ಒತ್ತದೆ, ಓಟಿಪಿ ಹೇಳದೆ, ಮೊಬೈಲೇ ಇಲ್ಲದೆ ರೊಕ್ಕ ಹೋಗುವ ದಾರಿಯೂ ಒಂದಿದೆ. ಆಧಾರ್ ನಂಬರು ಮತ್ತು ಹೆಬ್ಬೆರಳಿನಿಂದ ರೊಕ್ಕ ತೆಗೆಯುವ ಎಇಪಿಎಸ್. ಊರಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆರಳು ಒತ್ತಿ ರೊಕ್ಕ ಬಿಡಿಸುತ್ತಾರಲ್ಲ, ಅದೇ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಹೀಗೆ ರೊಕ್ಕ ಹೋಯಿತು. ನೋಂದಣಿ ಪತ್ರದಲ್ಲಿದ್ದ ಆಧಾರ್ ನಂಬರು, ಬೆರಳಚ್ಚು ತೆಗೆದು ನಕಲಿ ಬೆರಳು ಮಾಡಿದ್ದರು. ಆಮೇಲೆ ಪತ್ರದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು.

ಇದಕ್ಕೆ ಮದ್ದು ಆಧಾರ್ ಪ್ರಾಧಿಕಾರದ್ದೇ ಇದೆ. ಅವರ ಆಪ್‌ನಲ್ಲೋ ಮೈಆಧಾರ್ ವೆಬ್‌ಸೈಟಿನಲ್ಲೋ ‘ಬಯೋಮೆಟ್ರಿಕ್ ಲಾಕ್’ ಹಾಕಬಹುದು. ಹಾಕಿದರೆ ನಿಮ್ಮ ಬೆರಳು ಎಲ್ಲೂ ನಡೆಯುವುದಿಲ್ಲ. ನಡೆಯುವುದಿಲ್ಲ ಎಂದರೆ ರೇಶನ್ ಅಂಗಡಿಯಲ್ಲೂ ನಡೆಯುವುದಿಲ್ಲ, ನೆನಪಿರಲಿ. ಅಕ್ಕಿ ತರುವ ದಿನ ಕೀಲಿ ತೆಗೆದು, ತಂದ ಮೇಲೆ ಮತ್ತೆ ಹಾಕಬೇಕು. ಮನೆಯಲ್ಲಿ ಫೋನು ಬಲ್ಲ ಮಕ್ಕಳಿದ್ದರೆ ಮಾತ್ರ ಇದು ನಡೆಯುವ ಮಾತು. ಒಂಟಿ ಮುದುಕರಿಗೆ ನಾನು ಹೇಳುವುದಿಲ್ಲ, ಅಕ್ಕಿ ತಪ್ಪಿಸಿಕೊಂಡು ಬರಿಗೈಲಿ ಬಂದಾರು. ಅವರು ಬ್ಯಾಂಕಿಗೆ ಹೋಗಿ ಎಇಪಿಎಸ್ ಸೌಲಭ್ಯವನ್ನೇ ನಿಲ್ಲಿಸಲು ಬರುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಯಾವ ಬೇಲಿಯೂ ಇಲ್ಲದ ಜಾಗ

ಯುಪಿಐ ಪಿನ್ನು. ರೊಕ್ಕ ಕೊಡುವಾಗ ಮಾತ್ರ ಪಿನ್ ಒತ್ತಬೇಕು, ತೆಗೆದುಕೊಳ್ಳುವಾಗ ಯಾವತ್ತೂ ಬೇಕಿಲ್ಲ. ಎತ್ತು, ಎಮ್ಮೆ, ಹಳೆಯ ಪಂಪ್‌ಸೆಟ್ ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಹಾಕುವವರಿಗೆ ಈ ಮಾತು. ದೂರದವನೊಬ್ಬ ಧಾರಣೆ ಕೂಡ ಜಗ್ಗದೆ ಒಪ್ಪುತ್ತಾನೆ. ‘ಸಂಚಕಾರ ಕಳಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ’ ಎನ್ನುತ್ತಾನೆ. ಒತ್ತಿದರೆ ರೊಕ್ಕ ನಮ್ಮಿಂದ ಅವನಿಗೆ ಹೋಗುತ್ತದೆ. ಒಬ್ಬರು ಇನ್ನೊಬ್ಬರಿಗೆ ರೊಕ್ಕ ಕೇಳಿ ಕಳಿಸುವ ‘ಕಲೆಕ್ಟ್’ ಎಂಬ ಸೌಲಭ್ಯವನ್ನು ಇಂಥ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಕ್ಯೂಆರ್ ಮಾತ್ರ ಉಳಿದಿದೆ. ಪಿನ್ ಒತ್ತಿದವರು ನಾವೇ ಆದ್ದರಿಂದ ಫೋನು ಅದನ್ನು ಕಳ್ಳತನವೆಂದು ತಿಳಿಯುವುದಿಲ್ಲ. ಎಮ್ಮೆಯ ಹಲ್ಲು ನೋಡದೆ ಕೊಳ್ಳಲು ಒಪ್ಪುವವನನ್ನು ಕಂಡರೆ ಅನುಮಾನ ಬರಬೇಡವೇ?

ಹೋದ ಮೇಲೆ

ನಾಚಿಕೆ ಬಿಟ್ಟು ಕೂಡಲೆ 1930ಕ್ಕೆ ಫೋನು ಮಾಡಬೇಕು. 2021ರಲ್ಲಿ ಶುರುವಾದ ಈ ಏರ್ಪಾಡಿನಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿ ಕೂಡಿದ್ದಾರೆ. ನಾವು ಹೇಳಿದ ಕೂಡಲೆ ರೊಕ್ಕ ಯಾವ ಖಾತೆಗೆ ಹೋಯಿತೋ ಅಲ್ಲಿ ತಡೆ ಹಾಕಲು ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅದು ಅಲ್ಲಿಂದ ಮುಂದಿನ ಖಾತೆಗೆ, ಅಲ್ಲಿಂದ ಎಟಿಎಂಗೆ ಓಡುತ್ತಿರುತ್ತದೆ. ಕಾಲುವೆಯ ನೀರಿನ ಹಾಗೆ, ಮೇಲಿನ ತೂಬು ಮುಚ್ಚಿದಷ್ಟು ಲಾಭ. ಮನೆಯಲ್ಲಿ ವಿಚಾರ ಮಾಡಿ, ಪಂಚರಿಗೆ ಹೇಳಿ, ನಾಳೆ ನೋಡೋಣ ಎಂದರೆ ಕಾಲುವೆ ಒಣಗಿರುತ್ತದೆ.

ಹಾಳಾದ ಫೋನಿನಿಂದ ಮಾಡಬೇಡಿರಿ. ಅದರ ಇಂಟರ್ನೆಟ್ ಬಂದ್ ಮಾಡಿ, ಬೇರೆಯವರ ಫೋನಿನಿಂದ ಮಾಡಿರಿ. ಖಾತೆ ನಂಬರು, ಎಷ್ಟು ರೊಕ್ಕ, ಎಷ್ಟು ಹೊತ್ತಿಗೆ ಹೋಯಿತು, ಮೆಸೇಜಿನಲ್ಲಿರುವ ವ್ಯವಹಾರದ ನಂಬರು (ಯುಪಿಐ ಆದರೆ 12 ಅಂಕಿ) ಇಷ್ಟು ಕೈಯಲ್ಲಿರಲಿ. ಅವರು ಕೊಡುವ ದೂರಿನ ನಂಬರು ಬರೆದಿಟ್ಟುಕೊಂಡು ಸರ್ಕಾರದ ಸೈಬರ್ ಕ್ರೈಂ ವೆಬ್‌ಸೈಟಿನಲ್ಲಿ ದೂರು ಪೂರ್ತಿ ಮಾಡಬೇಕು. ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಸಹಿ, ಶಿಕ್ಕಾ ಇರುವ ಪ್ರತಿ ಇಸಿದುಕೊಳ್ಳಿರಿ. ಇಂಥ ದೂರು ನೋಡಲೆಂದೇ ಪ್ರತಿ ಜಿಲ್ಲೆಗೂ ಸಿಇಎನ್ ಪೊಲೀಸ್ ಠಾಣೆ ಇದೆ, ನಮ್ಮದು ಗದಗದಲ್ಲಿ. ಕಳ್ಳ ಆಪ್ ತನ್ನ ಗುರುತನ್ನು ಪರದೆಯಿಂದ ಮರೆಮಾಡಿಕೊಂಡಿರಬಹುದು. ಆದ್ದರಿಂದ ಫೋಟೋ ತೆಗೆದಿಟ್ಟುಕೊಂಡು ಫೋನನ್ನು ಪೂರ್ತಿ ಅಳಿಸಿ ಹೊಸದು ಮಾಡಿಸುವುದೇ ಲೇಸು, ಆದರೆ ಪೊಲೀಸರಿಗೆ ತೋರಿಸಿದ ಮೇಲೆ. ರೊಕ್ಕ ಹೋಗಿಲ್ಲ, ಮೋಸದ ಫೋನೋ ಮೆಸೇಜೋ ಬಂತು ಅಷ್ಟೇ ಎಂದಾದರೆ, ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಆಪ್‌ನಲ್ಲಿ ‘ಚಕ್ಷು’ ಎಂಬಲ್ಲಿ ಆ ನಂಬರು ಬರೆದು ಕಳಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅದರಲ್ಲೇ ನೋಡಲು ಬರುತ್ತದೆ.

ಕದ್ದ ರೊಕ್ಕ ಓಡುವ ಆ ನಡುವಿನ ಖಾತೆಗಳು ಯಾರವು ಗೊತ್ತೇ? ಬಹಳ ಸಲ ನಮ್ಮಂಥವರವೇ. ‘ಖಾತೆ, ಎಟಿಎಂ ಕಾರ್ಡ್ ಕೊಡ್ರಿ, ತಿಂಗಳಿಗೆ ಇಷ್ಟು ಕೊಡತೀವಿ’ ಎಂದು ಬಾಡಿಗೆಗೆ ಪಡೆಯುತ್ತಾರೆ. ಇಂಥ ಖಾತೆ ಹುಡುಕಲೆಂದೇ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ‘ಮ್ಯೂಲ್ ಹಂಟರ್’ ಎಂಬ ಸಾಫ್ಟ್‌ವೇರ್ ಮಾಡಿದೆ, 2024ರ ಡಿಸೆಂಬರಿನಲ್ಲಿ ಅದರ ವಿಷಯ ಹೊರಬಿತ್ತು. ಮ್ಯೂಲ್ ಅಂದರೆ ಹೇಸರಗತ್ತೆ, ಬೇರೆಯವರ ಹೊರೆ ಹೊರುವುದು. ಕಾಲೇಜಿಗೆ ಹೋಗುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಿರಿ. ಕೇಸು ಬೀಳುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮೇಲೆ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರಿದೆ. ಅಲ್ಲಿಂದ ಬಂದ ಪರಂಪರೆಯ ಸೊಸೈಟಿಗಳು ನಮ್ಮ ಊರೂರಿಗೂ ಇವೆ. ಬೀಜ, ಗೊಬ್ಬರ, ಸಾಲಕ್ಕೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ಮುಂಗಾರು ಸಾಲ ಹಂಚುವ ದಿನ ಇಬ್ಬರು ಹುಡುಗರನ್ನು ಬಾಗಿಲಲ್ಲಿ ಕೂಡಿಸಿ, ಬಂದವರ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ, ವಾಟ್ಸಾಪ್‌ಗೆ ಹೊರಗಿನ ಆಪ್ ಹಾಕುವ ಪರವಾನಿಗೆ ಆಫ್ ಇದೆಯೇ ಎಂದು ನೋಡಿಸಬಹುದು. ಒಂದು ಫೋನಿಗೆ ಎರಡು ಮೂರು ನಿಮಿಷದ ಕೆಲಸ. ಫೋನು ಹುಡುಗರ ಕೈಗೆ ಕೊಡಬೇಡಿರಿ, ಅವರು ಹೇಳಲಿ, ನೀವೇ ಒತ್ತಿರಿ. ಹೆಣ್ಣುಮಕ್ಕಳ ಫೋನು ಮರೆಯಬಾರದು. ಗೋಡೆಯ ಮೇಲೆ ಗೊಬ್ಬರದ ದರಪಟ್ಟಿಯ ಪಕ್ಕ 1930 ಎಂದು ದೊಡ್ಡದಾಗಿ ಬಣ್ಣದಲ್ಲಿ ಬರೆಸಿರಿ. ನಮ್ಮೂರಲ್ಲಿ ಇದನ್ನು ಬರುವ ಸಭೆಯ ಮುಂದೆ ಇಡುವವನಿದ್ದೇನೆ. ಬೇರೆ ಊರಿನವರು ಈಗಾಗಲೇ ಮಾಡಿದ್ದರೆ ಹೇಗೆ ನಡೆಯಿತು, ಜನ ಏನೆಂದರು ಎಂದು ಪತ್ರಿಕೆಗೆ ಬರೆದು ತಿಳಿಸಿರಿ.